ಹೊಕ್ಕುಳಿನ ಎಡಕ್ಕೆ ಎರಡು ಬೆರಳು

ನೆರೂಳದಲ್ಲಿ ನಾನು ಕೆಲಸ ಮಾಡುವ ಧರ್ಮಾರ್ಥ ದವಾಖಾನೆಯಲ್ಲಿ ಕೊಡುವ ಇನ್ಸುಲಿನ್ ಸಿರಿಂಜಿನಲ್ಲಿ ನಲವತ್ತು ಗೆರೆಗಳಿರುತ್ತವೆ. ಒಂದು ಗೆರೆಗೆ ಒಂದು ಯುನಿಟ್. ಅದಕ್ಕಿಂತ ಹೆಚ್ಚು ಬೇಕಾದವರು ಎರಡು ಸಲ ಚುಚ್ಚಿಕೊಳ್ಳಬೇಕು. ಆ ಸೋಮವಾರ ನಮ್ಮ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, ಎದುರು ಕುಳಿತಿದ್ದ ಐವತ್ತು ದಾಟಿದ ಗಂಡಸನ್ನು ತೋರಿಸಿ, “ಇವರ ಬೆಳಗಿನ ಡೋಸನ್ನು ನಲವತ್ತನಾಲ್ಕಕ್ಕೆ ಏರಿಸಬೇಕು. ಎರಡನೇ ಇಂಜೆಕ್ಷನ್ ತೆಗೆದುಕೊಳ್ಳುವುದನ್ನು ಕಲಿಸಿ. ನಿಮ್ಮ ಭಾಷೆಯವರೇ” ಎಂದರು.

ನಮ್ಮ ಭಾಷೆಯವರು ಎಂಬುದು ಅರ್ಧ ನಿಜ. ಅವರು ವಿಜಯಪುರದ ಕಡೆಯವರು. ವಾಶಿಯ ಕಾಂದಾ-ಬಟಾಟಾ, ಎಂದರೆ ಈರುಳ್ಳಿ-ಆಲೂಗಡ್ಡೆ, ಮಾರ್ಕೆಟ್ಟಿನಲ್ಲಿ ಹಮಾಲಿ, ತುರ್ಭೆಯಲ್ಲಿ ಮನೆ. ನಾನು ಉಡುಪಿಯವರ ಮಗ, ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ಮೊದಲ ಸಲ ನನ್ನ ಕನ್ನಡ ಕೇಳಿದಾಗ ಅವರ ಹೆಂಡತಿ, “ಸರ, ನೀವು ಪುಸ್ತಕ ಓದಿದಂಗ ಮಾತಾಡ್ತೀರಲ್ರಿ” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು.

ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತೆಗೆದುಕೊಳ್ಳುವ ಬಗೆ ಕಲಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದುವಾಗ ಇನ್ಸುಲಿನ್ನಿನ ಐವತ್ತೊಂದು ಅಮೈನೋ ಆಮ್ಲಗಳನ್ನು ಸಾಲಾಗಿ ಬೋರ್ಡಿನ ಮೇಲೆ ಬರೆಯಬಲ್ಲವನಾಗಿದ್ದೆ. ಅದನ್ನು ಹೊಟ್ಟೆಯ ಯಾವ ಭಾಗಕ್ಕೆ ಚುಚ್ಚಬೇಕೆಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನನ್ನ ನೆನಪಿನ ಮೇಲೆ ನನಗೆ ಈಗ ಹಿಂದಿನಷ್ಟು ನಂಬಿಕೆ ಇಲ್ಲ. ಈ ಬರಹದಲ್ಲಿ ಅಂಕಿ ಬಂದ ಕಡೆಯಲ್ಲೆಲ್ಲ ಅದು ಕೇಸ್ ಪೇಪರಿನಿಂದಲೋ ನನ್ನ ಜೇಬಿನ ಡೈರಿಯಿಂದಲೋ ಎತ್ತಿಕೊಂಡದ್ದು. ಮಾತುಗಳು ಮಾತ್ರ ನೆನಪಿನವು.

ಕೇಸ್ ಪೇಪರಿನ ಪ್ರಕಾರ ಅವರಿಗೆ ಒಂದು ವರ್ಷದ ಹಿಂದೆ ಶುರು ಮಾಡಿದ್ದು ಬೆಳಿಗ್ಗೆ ಹದಿನಾರು, ಸಂಜೆ ಹತ್ತು ಯುನಿಟ್. ಅದು ಏರುತ್ತ ಏರುತ್ತ ಮೂವತ್ತೆಂಟು ಮತ್ತು ಇಪ್ಪತ್ತನಾಲ್ಕಕ್ಕೆ ಬಂದಿತ್ತು. ಆದರೂ ಬರಿಹೊಟ್ಟೆಯ ಶುಗರ್ ಒಂದು ಸಲ ಇನ್ನೂರ ಎಂಬತ್ತು, ಇನ್ನೊಂದು ಸಲ ಮುನ್ನೂರ ನಲವತ್ತು. ಪೇಪರಿನ ಅಂಚಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು: ‘ನಿಜವಾಗಿ ತೆಗೆದುಕೊಳ್ಳುತ್ತಿದ್ದಾರೆಯೇ?’

“ಎರಡನೇದು ಎಲ್ಲಿ ಚುಚ್ಚಿಕೊಳ್ತೀರಿ?” ಎಂದು ಕೇಳಿದೆ.

“ಅಲ್ಲೇರಿ.”

“ಅಲ್ಲೇ ಅಂದ್ರೆ?”

“ಮೊದಲಿಂದು ಎಲ್ಲಿ ಚುಚ್ಕೋತೀನಲ್ರಿ, ಅಲ್ಲೇ. ಅದು ಛಲೋ ಜಾಗಾ ಐತಿ. ನೋಯಂಗಿಲ್ಲ.”

ಅಂಗಿ ಎತ್ತಲು ಹೇಳಿದೆ. ಅವರು ಸೊಂಟಕ್ಕೆ ಮೂರು ಸುತ್ತು ಬಿಗಿದ ರುಮಾಲು ಬಿಚ್ಚಬೇಕಾಯಿತು. ಭಾರ ಎತ್ತುವಾಗ ಸೊಂಟ ಹಿಡಿಯಬಾರದೆಂದು ಹಮಾಲರು ಅದನ್ನು ದಿನವಿಡೀ ಬಿಚ್ಚುವುದಿಲ್ಲ. ಒಂದು ವರ್ಷ ಅವರು ನಮ್ಮಲ್ಲಿಗೆ ಬಂದಿದ್ದಾರೆ, ಆ ರುಮಾಲನ್ನು ಬಿಚ್ಚಿಸುವಷ್ಟು ಹೊತ್ತು ನಮಗಾರಿಗೂ ಇರಲಿಲ್ಲ. ಹೊಕ್ಕುಳಿನ ಎಡಕ್ಕೆ ಎರಡು ಬೆರಳು ಬಿಟ್ಟು, ನಿಂಬೆಹಣ್ಣಿನ ಹೋಳನ್ನು ಚರ್ಮದ ಕೆಳಗೆ ಕವುಚಿಟ್ಟಂತೆ ಒಂದು ಉಬ್ಬು. ಒತ್ತಿದರೆ ರಬ್ಬರಿನ ಹಾಗೆ. ಅದರ ಮೇಲೆ ನೂರಾರು ಸಣ್ಣ ಚುಕ್ಕೆಗಳು.

ಪ್ರತಿದಿನ ಒಂದೇ ಕಡೆ ಇನ್ಸುಲಿನ್ ಬಿದ್ದರೆ ಅಲ್ಲಿನ ಕೊಬ್ಬು ಬೆಳೆದು ಗಟ್ಟಿಯಾಗುತ್ತದೆ. ನರ ಮಂಕಾಗಿ ಸೂಜಿಯ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದು ರೋಗಿ ಮತ್ತೆ ಅಲ್ಲಿಗೇ ಚುಚ್ಚುತ್ತಾನೆ. ಗಂಟಿನೊಳಗೆ ಹೋದ ಔಷಧ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಒಂದು ದಿನ ಅರ್ಧ ರಕ್ತಕ್ಕೆ ಸೇರಿದರೆ ಇನ್ನೊಂದು ದಿನ ಕಾಲು ಭಾಗ. ಇವರು ಔಷಧ ತೆಗೆದುಕೊಳ್ಳುತ್ತಿದ್ದರು, ಮೈಗೆ ಅದು ಸಿಗುತ್ತಿರಲಿಲ್ಲ.

“ತೊಡೆಗೆ ಯಾಕೆ ಚುಚ್ಚಿಕೊಳ್ಳಲಿಲ್ಲ? ಮೊದಲ ದಿನವೇ ಹೇಳಿದ್ದೆನಲ್ಲ, ಜಾಗ ಬದಲಿಸಿ ಅಂತ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ನೊಗ ಹೊರೋ ಎತ್ತಿನ ಹೆಗಲಿಗೆ ಯಾರಾರ ಗಾಯ ಮಾಡ್ತಾರೇನ್ರಿ ಸರ? ಎಪ್ಪತ್ತು ಎಂಬತ್ತು ಚೀಲ ಇಳಸ್ತೇನಿ ದಿನಾ. ಎಲ್ಲಾ ಈ ತೊಡಿ ಮ್ಯಾಲೇ. ಇದಕ್ಕ ಸೂಜಿ ಚುಚ್ಚಿದ್ರ ನಾ ನಿಂದಲ್ಲ ಅಂತೈತಿ.”

ಅವರೊಬ್ಬರ ನಂಬಿಕೆಯಲ್ಲ ಅದು. ಅವರ ಟೋಳಿಯಲ್ಲಿ, ಎಂದರೆ ಒಟ್ಟಿಗೆ ಲಾರಿ ಇಳಿಸುವ ಹದಿನಾಲ್ಕು ಜನರ ಗುಂಪಿನಲ್ಲಿ, ಭಾರ ಹೊರುವ ಅಂಗಕ್ಕೆ ಸೂಜಿ ತಾಗಿಸಬಾರದೆಂಬುದು ಎಲ್ಲರೂ ಒಪ್ಪಿದ ಮಾತು. ಜ್ವರಕ್ಕೆ ಹೋದರೂ ಸೊಂಟಕ್ಕೆ ಇಂಜೆಕ್ಷನ್ ಬೇಡ, ಗುಳಿಗೆ ಕೊಡಿ ಎನ್ನುತ್ತಾರಂತೆ.

ಡಾಕ್ಟರಮ್ಮನಿಗೆ ಗಂಟು ತೋರಿಸಿದೆ. ಅವರು ಬೆರಳಿನಿಂದ ಒತ್ತಿ ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡರು. ಹೊರಗೆ ಸಾಲು ಬೆಳೆದಿತ್ತು. ಬಾಗಿಲಲ್ಲಿ ನಿಂತೇ ಹೇಳಿದರು: ಹೊಸ ಜಾಗದಲ್ಲಿ ಔಷಧ ಪೂರ್ತಿ ಹತ್ತುತ್ತದೆ, ಡೋಸನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ, ಬೆಳಿಗ್ಗೆ ಇಪ್ಪತ್ತಾರು, ಸಂಜೆ ಹದಿನಾರು. ಅದನ್ನು ಕೇಸ್ ಪೇಪರಿನಲ್ಲಿ ಬರೆದು ಸಹಿ ಹಾಕಿದರು.

ಹಮಾಲರನ್ನು ನನ್ನ ಮೂಲೆಗೆ ಕರೆದುಕೊಂಡು ಬಂದೆ. ಬೀಗ ಮತ್ತು ಬೀಗದ ಕೈ ಎಂಬ ಉದಾಹರಣೆ ಕೊಟ್ಟು ಇನ್ಸುಲಿನ್ ವಿವರಿಸುವುದು ನಮ್ಮಲ್ಲಿ ರೂಢಿ. ನನಗೆ ಅದರಲ್ಲಿ ಎಂದೂ ಸಮಾಧಾನವಿರಲಿಲ್ಲ. ಆ ದಿನ ಬೇರೆ ದಾರಿ ಹಿಡಿದೆ.

“ಸಕ್ಕರೆ ಅಂದ್ರೆ ಚೀಲ ಅಂತ ತಿಳ್ಕೊಳ್ಳಿ. ರಕ್ತ ಮಾರ್ಕೆಟ್ಟಿನ ರಸ್ತೆ. ಮೈಯ ಕಣ ಒಂದೊಂದೂ ಒಂದು ಗಾಳಾ, ವ್ಯಾಪಾರಿಯ ಮಳಿಗೆ. ಚೀಲ ರಸ್ತೆಯಲ್ಲೇ ಬಿದ್ದಿದ್ರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಗಾಳಾದ ಒಳಗೆ ಹೋಗಬೇಕು. ಒಳಗೆ ಬಿಡ್ಲಿಕ್ಕೆ ಚೀಟಿ ಬೇಕು. ಆ ಚೀಟಿ ಇನ್ಸುಲಿನ್.”

“ಚೀಟಿ ಯಾರು ಬರೀತಾರ್ರಿ?”

“ಹೊಟ್ಟೆಯ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಅದು ಆಫೀಸು.”

“ಅಂದ್ರ ನಮ್ಮ ಆಫೀಸು ಬಂದ್ ಆಗೈತಿ ಅನ್ರಿ.”

“ಪೂರ್ತಿ ಬಂದ್ ಆಗಿಲ್ಲ. ಬರೆಯುವ ಚೀಟಿ ಕಮ್ಮಿ. ಅದರ ಮೇಲೆ ಗಾಳಾದವರು ಒಂದು ಚೀಟಿಗೆ ಬಾಗಿಲು ತೆಗೆಯೋದಿಲ್ಲ, ಮೂರು ತಾ ಅಂತಾರೆ.”

ಅವರ ಹೆಂಡತಿ ಮೊಣಕೈಯಿಂದ ಗಂಡನನ್ನು ತಿವಿದು, “ಥೇಟ್ ನಿಮ್ಮ ಮಾರ್ಕೆಟ್ಟೇ ಬಿಡ್ರಿ” ಎಂದರು.

ಇದೆಲ್ಲ ನನಗೆ ಚೆನ್ನಾಗಿ ನೆನಪಿದೆ, ಅವರಿಬ್ಬರೂ ಇದನ್ನು ಆಮೇಲೆ ಒಪ್ಪಿದ್ದಾರೆ. ಹೊಟ್ಟೆಯ ಚಿತ್ರ ಬರೆದು ನಾಲ್ಕು ಭಾಗ ಮಾಡಿ, ತೊಡೆಗಳನ್ನೂ ಸೇರಿಸಿ, ಎಡಗಡೆಯ ಗಂಟಿನ ಮೇಲೆ ಕೆಂಪು ಕಾಟು ಹಾಕಿ ಕೊಟ್ಟೆ. ಬಹಳ ವಾದ ಮಾಡಿ ತೊಡೆಗೂ ಒಪ್ಪಿಸಿದೆ. ಆ ಒಪ್ಪಿಗೆ ಪಡೆದ ಸಂತೋಷದಲ್ಲಿ ನಮ್ಮ ಫಾರಂ ತೆಗೆದು ಐದು ಚೌಕಗಳಿಗೆ ಟಿಕ್ ಹಾಕಿದೆ: ಜಾಗ ಬದಲಾವಣೆ, ಡೋಸ್ ಬದಲಾವಣೆ, ಶುಗರ್ ಇಳಿದರೆ ಕಾಣುವ ಲಕ್ಷಣ, ಜೇಬಿನಲ್ಲಿ ಸಕ್ಕರೆ, ಮುಂದಿನ ಭೇಟಿ.

ಶುಕ್ರವಾರ ಬೆಳಿಗ್ಗೆ ಅವರು ಬಿದ್ದರು.

ಲಾರಿಯಿಂದ ಗಾಳಾದ ಕಟ್ಟೆಗೆ ಒಂದು ಹಲಗೆ ಹಾಕಿರುತ್ತಾರೆ, ಒಂದಡಿಗಿಂತ ಸ್ವಲ್ಪ ಅಗಲ. ಲಾರಿಯ ಮೇಲೆ ಇಬ್ಬರು ನಿಂತು ಐವತ್ತು ಕಿಲೋ ಕಾಂದಾ ಚೀಲವನ್ನು ಎತ್ತಿ ಹೊರುವವನ ಬೆನ್ನಿಗೆ ಕೊಡುತ್ತಾರೆ. ಇದಕ್ಕೆ ಅವರಲ್ಲಿ ಕೈ ಕೊಡುವುದು ಎನ್ನುತ್ತಾರೆ. ಹೊರುವವನು ಹಲಗೆ ದಾಟಿ ಬರಬೇಕು. ನಮ್ಮ ಹಮಾಲರು ಅಂದು ಐದೂವರೆಗೆ ಮೊದಲ ಸಲ ಬಲತೊಡೆಗೆ ಚುಚ್ಚಿಕೊಂಡು, ಬರಿ ಚಹಾ ಕುಡಿದು ಬಂದಿದ್ದರು. ಎರಡನೇ ಲಾರಿಯ ಹೊತ್ತಿಗೆ ಹಲಗೆ ಎರಡಾಗಿ ಕಂಡಿತಂತೆ. ಚೀಲ ಜಾರಿ ಕೆಳಗೆ ನಿಂತಿದ್ದ ಜೊತೆಗಾರನ ಪಾದದ ಮೇಲೆ ಬಿತ್ತು, ಅದರ ಹಿಂದೆ ಇವರು. ಬೆವರಿನಲ್ಲಿ ತೋಯ್ದು ತೊದಲುತ್ತಿದ್ದವರನ್ನು ನೋಡಿ ಎಲ್ಲರೂ ಕುಡಿದಿದ್ದಾನೆ ಎಂದರು. ಮನೆಯಲ್ಲಿ ತಾಯಿಗೆ ಇದೇ ಕಾಯಿಲೆ ಇದ್ದ ಗುಮಾಸ್ತರೊಬ್ಬರು ಗುರುತು ಹಿಡಿದು, ಎಬ್ಬಿಸಿ ಕೂರಿಸಿ, ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದರು. ಹತ್ತಿರದ ದವಾಖಾನೆಯಲ್ಲಿ ಅಳೆದಾಗ, ಅಷ್ಟು ಸಕ್ಕರೆ ನೀರಿನ ನಂತರವೂ, ಐವತ್ತೆರಡು.

ಟೋಳಿಯ ಮುಖ್ಯಸ್ಥ, ಮುಕಾದಮ್, ಅವರನ್ನು ಕೆಲಸಕ್ಕೆ ಬೇಡವೆಂದು ಕೂರಿಸಿಬಿಟ್ಟ. ಕೆಲಸಕ್ಕೆ ಲಾಯಕ್ ಎಂದು ಡಾಕ್ಟರ ಕಾಗದ ತರಬೇಕು, ಇಲ್ಲದಿದ್ದರೆ ಅವರ ಜಾಗಕ್ಕೆ ಬೇರೆಯವನು. ಟೋಳಿಯಲ್ಲಿನ ಜಾಗ ಒಮ್ಮೆ ಹೋದರೆ ಆ ವಯಸ್ಸಿನಲ್ಲಿ ಮತ್ತೆ ಯಾರೂ ಕೊಡುವುದಿಲ್ಲ.

ಗಂಡ ಹೆಂಡತಿ ಮಧ್ಯಾಹ್ನ ನಮ್ಮಲ್ಲಿಗೆ ಬಂದರು. ಡಾಕ್ಟರಮ್ಮ ಕೇಸ್ ಪೇಪರ್ ನೋಡಿದರು, ಫಾರಂ ನೋಡಿದರು, ಎಷ್ಟು ಚುಚ್ಚಿಕೊಂಡಿರೆಂದು ಹಿಂದಿಯಲ್ಲಿ ಕೇಳಿದರು. ಮೊದಲಿನಷ್ಟೇ ಎಂದರು ಹಮಾಲರು, ಅಂದರೆ ಮೂವತ್ತೆಂಟು.

“ಹೇಳಿದ್ದು ಇಪ್ಪತ್ತಾರು. ಇಲ್ಲಿ ಟಿಕ್ ಇದೆ. ಹೇಳಿದ್ದನ್ನು ಪಾಲಿಸದವರಿಗೆ ಹಲಗೆಯ ಮೇಲೆ ನಡೆಯಬಹುದೆಂದು ನಾನು ಹೇಗೆ ಬರೆಯಲಿ?”

ನಾನು ಕನ್ನಡದಲ್ಲಿ ಕೇಳಿದೆ, “ಎಂತ ಮಾರಾಯ್ರೆ, ಕಮ್ಮಿ ಮಾಡ್ಲಿಕ್ಕೆ ಅಷ್ಟು ಹೇಳಿದ್ದೆ ಅಲ್ವಾ?”

“ಇಲ್ರೀ ಸರ. ಜಾಗಾ ಬದ್ಲಿ ಮಾಡ ಅಂದ್ರಿ. ಮಾಡಿದ್ನಿ. ಕಮ್ಮಿ ಮಾಡ ಅಂತ ನೀವು ಅನ್ನಲಿಲ್ಲ.”

“ಹೇಳಿದ್ದೇನೆ. ನೀವು ತಲೆ ಆಡಿಸಿದಿರಿ.”

ಅವರ ಹೆಂಡತಿ ಎದ್ದು ನಿಂತರು. “ನಾ ಬಾಜೂಕೇ ಕುಂತಿದ್ನೆಲ್ಲ. ನನ್ನ ಮಕ್ಕಳ ಆಣಿ ಮಾಡಿ ಹೇಳ್ತೀನಿ, ಅಂದಿಲ್ಲ ನೀವು. ಓದಿಲ್ಲ ನಾವು. ಕಿವಿ ಅದಾವು.”

ಹಮಾಲರು ಅವರ ಸೆರಗು ಹಿಡಿದು ಕೂರಿಸಿದರು. “ಇರ್ಲಿ ಬಿಡ. ಸರ್‌ಗ ನಮ್ಮಂಥಾ ಹತ್ತು ಮಂದಿ ಇರ್ತಾರ.”

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ನನ್ನ ನೆನಪು ಅಲ್ಲಾಡದೆ ನಿಂತಿತ್ತು. ಆ ಮೂಲೆ, ಆ ಸ್ಟೂಲು, ಸಿರಿಂಜಿಗೆ ಗುರುತು ಸುತ್ತಲು ಬಿಳಿ ಟೇಪು ಕತ್ತರಿಸುತ್ತ “ಇನ್ನು ಮೇಲೆ ಇಲ್ಲಿಯವರೆಗೆ ಮಾತ್ರ, ಒಂದು ಗೆರೆಯೂ ಹೆಚ್ಚು ಬೇಡ” ಎಂದದ್ದು, ಎದುರಿದ್ದವರು ತಲೆಯಾಡಿಸಿದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಕಣ್ಣಿಗೆ ಕಟ್ಟಿದ್ದು ನಿಜವೆಂದು ಯಾರು ಹೇಳಿದ್ದು? ಎಂ.ಎಸ್‌ಸಿ. ಮೌಖಿಕ ಪರೀಕ್ಷೆಯಲ್ಲಿ ಹಸಿರು ಸ್ವೆಟರಿನ ಪರೀಕ್ಷಕರು ನನ್ನನ್ನು ಗೋಳಾಡಿಸಿದ ಕಥೆಯನ್ನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹೋದ ವರ್ಷ ಗೆಳೆಯನೊಬ್ಬ ಆ ದಿನದ ಫೋಟೋ ಕಳಿಸಿದ. ಪರೀಕ್ಷಕರು ಬಿಳಿ ಅಂಗಿಯಲ್ಲಿದ್ದರು. ಹಸಿರು ಸ್ವೆಟರ್ ಹಾಕಿದ್ದವನು ನಾನು.

ಡಾಕ್ಟರಮ್ಮನ ಹತ್ತಿರ, ಕಾಗದವನ್ನು ಸೋಮವಾರ ಬರೆಯಿರಿ ಎಂದು ಕೇಳಿಕೊಂಡೆ. ಹಮಾಲರ ಹೆಂಡತಿಗೆ, ಮನೆಯಲ್ಲಿ ಇನ್ಸುಲಿನ್ ಇಡುವ ಡಬ್ಬಿಯನ್ನು ಹಾಗೆಯೇ ತರಲು ಹೇಳಿದೆ. ತುರ್ಭೆಯಿಂದ ನೆರೂಳ ಎಷ್ಟು ದೂರ? ಒಂದು ಗಂಟೆಯಲ್ಲಿ ತಂದರು.

ಡಬ್ಬಿ ಯಾಕೆಂದರೆ, ಅಂಕಿ ಓದಲು ಬಾರದವರಿಗೆ ನಾನು ಬರೀ ಬಾಯಲ್ಲಿ ಡೋಸ್ ಹೇಳಿ ಕಳಿಸುವುದಿಲ್ಲ. ಸೂಜಿ ತೆಗೆದ ಹಳೇ ಸಿರಿಂಜಿಗೆ ಸರಿಯಾದ ಗೆರೆಯ ಹತ್ತಿರ ಬಿಳಿ ಟೇಪು ಸುತ್ತಿ ಒಂದು ಮಾದರಿ ಮಾಡಿ ಕೊಡುತ್ತೇನೆ. ಹೊಸ ಸಿರಿಂಜನ್ನು ಅದರ ಪಕ್ಕ ಹಿಡಿದು ಔಷಧ ಎಳೆದರೆ ಆಯಿತು. ಬೆಳಗಿನ ಮಾದರಿಗೆ ಒಂದು ಸುತ್ತು, ಸಂಜೆಯದಕ್ಕೆ ಎರಡು. ಡೋಸ್ ಬದಲಾದರೆ ಹಳೆಯದನ್ನು ವಾಪಸು ತೆಗೆದುಕೊಂಡು ಹೊಸದು ಕೊಡುತ್ತೇನೆ.

ಡಬ್ಬಿಯಲ್ಲಿ ಎರಡು ಮಾದರಿಗಳಿದ್ದವು. ಟೇಪು ಮಾಸಿ ಹಳದಿಯಾಗಿತ್ತು. ಒಂದು ಮೂವತ್ತೆಂಟು, ಇನ್ನೊಂದು ಇಪ್ಪತ್ತನಾಲ್ಕು.

ಆಗಲೂ ನನ್ನ ಮನಸ್ಸು ವಕಾಲತ್ತು ನಿಲ್ಲಿಸಲಿಲ್ಲ. ಬಹುಶಃ ಹೊಸದನ್ನು ಅವರು ಕಳೆದುಕೊಂಡಿರಬೇಕು ಎಂದಿತು. ಹಾಗಾದರೆ ಹಳೆಯವು ನನ್ನ ಡ್ರಾಯರಿನಲ್ಲಿರಬೇಕಿತ್ತಲ್ಲ? ಡ್ರಾಯರ್ ತೆಗೆದೆ. ಸೋಮವಾರ ವಾಪಸು ಪಡೆದ ಒಂದೇ ಒಂದು ಮಾದರಿ ಅಲ್ಲಿತ್ತು, ಹದಿನೆಂಟರ ಗೆರೆಯದು. ಅದು ಕಳವಾ ಊರಿನಿಂದ ಬರುವ ಒಬ್ಬ ಮುದುಕಿಯದು. ಡೈರಿ ನೋಡಿದೆ. ಆ ದಿನ ಹಮಾಲರ ನಂತರ ಬಂದವರು ಅವರೇ. ಟೇಪು ಕತ್ತರಿಸಿದ್ದು ನಿಜ, ಒಂದು ಗೆರೆಯೂ ಹೆಚ್ಚು ಬೇಡ ಎಂದದ್ದು ನಿಜ, ತಲೆಯಾಡಿಸಿದ್ದೂ ನಿಜ. ಎಲ್ಲವೂ ಮರಾಠಿಯಲ್ಲಿ ನಡೆದದ್ದು. ಮುಖವನ್ನು ಮಾತ್ರ ನಾನು ಬದಲಿಸಿಕೊಂಡಿದ್ದೆ.

ಫಾರಮಿನ ಎರಡನೇ ಟಿಕ್ಕಿನ ಮೇಲೆ ಗೆರೆ ಎಳೆದು, ‘ಹೇಳಲಾಗಿಲ್ಲ’ ಎಂದು ಬರೆದು ಸಹಿ ಮಾಡಿದೆ. ಡಾಕ್ಟರಮ್ಮ ಅದನ್ನು ಎತ್ತಿಕೊಂಡು ಓದಿದರು.

“ಟ್ರಸ್ಟಿನವರು ಕೇಳುತ್ತಾರೆ. ಗೊತ್ತಲ್ಲ?”

“ಕೇಳಲಿ.”

“ನನ್ನದೂ ತಪ್ಪಿದೆ. ಬಾಗಿಲಲ್ಲಿ ನಿಂತು ಹೇಳುವ ಮಾತಾಗಿರಲಿಲ್ಲ ಅದು.” ಆಮೇಲೆ, “ಆದರೆ ಒಂದು ಯೋಚಿಸಿ. ತಪ್ಪು ನಮ್ಮದು ಎಂದು ಬರೆದರೆ ಮುಕಾದಮ್ ಏನೆನ್ನುತ್ತಾನೆ? ಇವತ್ತು ಡಾಕ್ಟರು ತಪ್ಪಿದರು, ನಾಳೆ ಮತ್ತೆ ತಪ್ಪಿದರೆ ಎನ್ನುತ್ತಾನೆ. ಈ ಮನುಷ್ಯ ಚೀಲ ಹೊರುವಾಗ ಶುಗರ್ ಎಷ್ಟಿರುತ್ತದೆಂದು ನಿಮಗಾಗಲಿ ನನಗಾಗಲಿ ಗೊತ್ತಿದೆಯೇ?”

ಗೊತ್ತಿರಲಿಲ್ಲ. ಆಗ ನಿರ್ಧಾರ ಮಾಡಿದೆ, ಕಾಗದಕ್ಕಿಂತ ಮೊದಲು ಅಲ್ಲಿಗೆ ಹೋಗಿ ಅಳೆಯಬೇಕು.

ಮುಕಾದಮ್ ಕಲಬುರಗಿಯವನು, ನನಗಿಂತ ಚಿಕ್ಕವನು, ಮಾತಿನಲ್ಲಿ ಖಾರ. “ನಾಕ ದಿನಾ ಕೊಡ್ತೀನಿ. ಹಲಗಿ ಮ್ಯಾಲ ಕಾಲ ಇಡಂಗಿಲ್ಲ. ನೆಲದ ಮ್ಯಾಲ ಏನ ಮಾಡ್ತಾನ ಮಾಡ್ಲಿ. ಇಲ್ಲಿ ಮಂದಿ ಜೀವದ ಸವಾಲ್ ಐತಿ ಸಾಹೇಬ್ರ, ನಿಮ್ಮ ಎಕ್ಸ್‌ಪರಿಮೆಂಟ್ ಅಲ್ಲ.”

ಮಂಗಳವಾರದಿಂದ ಠಾಣೆಯಲ್ಲಿ ಬೆಳಗಿನ ಲೋಕಲ್ ಹಿಡಿದು ತುರ್ಭೆಯಲ್ಲಿ ಇಳಿದು, ಅವರ ಜೊತೆ ಮಾರ್ಕೆಟ್ಟಿಗೆ ನಡೆದೆ. ಇಪ್ಪತ್ತಾರರ ಹೊಸ ಮಾದರಿ ಮಾಡಿ ಕೊಟ್ಟಾಗಿತ್ತು. ಮೊದಲ ದಿನ ಹೊಟ್ಟೆಯ ಬಲಭಾಗಕ್ಕೆ ಚುಚ್ಚಿಕೊಂಡರು. ಅವರಿಗೆ ಯಾರೂ ಕೈ ಕೊಡಲಿಲ್ಲ. ಕಾಂದಾ ಚೀಲವನ್ನು ಒಬ್ಬರೇ ಕೊಕ್ಕೆಯಿಂದ ಎಳೆದು ತಕ್ಕಡಿಗೆ, ತಕ್ಕಡಿಯಿಂದ ಗೋಡೆಗೆ ಸಾಗಿಸಬೇಕಿತ್ತು. ಪಾದಕ್ಕೆ ಪಟ್ಟಿ ಸುತ್ತಿಕೊಂಡ ಜೊತೆಗಾರ ಆಲೂಗಡ್ಡೆ ಚೀಲದ ಮೇಲೆ ಕುಳಿತು ನೋಡುತ್ತಿದ್ದ. ಹದಿನೆಂಟು ವರ್ಷ ಒಂದೇ ಹಲಗೆಯ ಮೇಲೆ ನಡೆದವರು, ಮಾತಿಲ್ಲ.

“ಏ ಮಾಮಾ,” ಇನ್ನೊಬ್ಬ ಕೂಗಿದ, “ನಿನ್ನೆ ಕ್ವಾರ್ಟರ್ರೋ, ಫುಲ್ಲೋ?”

ಹಮಾಲರು ಬೆರಳು ನನ್ನ ಮುಂದೆ ಚಾಚಿದರು. ಶುರುವಿನಲ್ಲಿ ನೂರ ಎಪ್ಪತ್ತು, ಒಂದು ಗಂಟೆಯ ನಂತರ ನೂರ ಇಪ್ಪತ್ತೆಂಟು, ಕೊನೆಯಲ್ಲಿ ನೂರು. ನಾನು ಗೆದ್ದೆ ಎಂದುಕೊಂಡೆ.

ಎರಡನೇ ದಿನ ಎಡತೊಡೆ, ಅದೇ ಇಪ್ಪತ್ತಾರು. ಒಂದು ಗಂಟೆಯಲ್ಲಿ ಅರವತ್ತೊಂದು. ಬೆರಳು ನಡುಗುತ್ತಿತ್ತು. ಅವರನ್ನು ಕೂರಿಸಿ ಸಕ್ಕರೆ ತಿನ್ನಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆದೆ. ಮುಕಾದಮ್ ದೂರದಿಂದ ನೋಡಿ ತಲೆಯಾಡಿಸಿ ಹೋದ. “ಮುಗೀತ್ರಿ ಸರ,” ಎಂದರು ಹಮಾಲರು. “ಈ ತೊಡಿ ನಾ ನಿಂದಲ್ಲ ಅಂತೈತಿ ಅಂತ ಅವತ್ತ ಹೇಳಿದ್ನೆಲ್ಲ?”

ಅಲ್ಲಿ, ಚೀಲಗಳ ನಡುವೆ, ನನಗೆ ಪಾಠ ಹಿಂದುಮುಂದಾಗಿ ಅರ್ಥವಾಯಿತು. ಅವರು ಕೊಟ್ಟ ಕಾರಣ ತಪ್ಪಾಗಿದ್ದರೂ ತೊಡೆಯ ಬಗ್ಗೆ ಅವರ ಅನುಮಾನ ಸರಿಯಾಗಿತ್ತು. ದುಡಿಯುವ ಸ್ನಾಯುವಿಗೆ ರಕ್ತ ಹೆಚ್ಚು ಹರಿಯುತ್ತದೆ. ಅದರ ಮೇಲಿನ ಕೊಬ್ಬಿಗೆ ಚುಚ್ಚಿದ ಔಷಧ ಕುಳಿತವನಲ್ಲಿ ನಿಧಾನ ಇಳಿದರೆ, ಚೀಲ ಹೊರುವವನಲ್ಲಿ ಬೇಗ ಇಳಿಯುತ್ತದೆ. ಜೊತೆಗೆ ಇನ್ನೊಂದು ಸಂಗತಿ ಇದೆ, ನಾನು ಓದಿ ಮರೆತದ್ದು.

“ಚೀಟಿ ಇಲ್ಲದೆ ಗಾಳಾದ ಬಾಗಿಲು ತೆಗೆಯೋದಿಲ್ಲ ಅಂದಿದ್ದೆ ಅಲ್ವಾ? ಅದು ಕೂತಿರುವಾಗಿನ ಮಾತು. ದುಡಿಯುವಾಗ ಸ್ನಾಯು ಚೀಟಿ ಕೇಳುವುದಿಲ್ಲ. ತಾನೇ ಬಾಗಿಲು ತೆಗೆದು ಚೀಲ ಒಳಗೆ ಎಳ್ಕೊಳ್ತದೆ. ಅದೇ ಹೊತ್ತಿಗೆ ಚೀಟಿಗಳೂ ರಾಶಿ ಬಂದ್ರೆ?”

ಅವರು ಎದುರಿನ ರಸ್ತೆಯನ್ನು ನೋಡಿದರು. “ರಸ್ತಾ ಖಾಲಿ.”

“ಅದೇ ನಿಮಗೆ ಹಲಗೆಯ ಮೇಲೆ ಆದದ್ದು.”

“ಮತ್ತ ಲಾರಿ ಬರಲಾರದ ಬಾಗಲಾ ತಗದ್ರ ಹಂಗ ಆಗೂದ,” ಎಂದು ಅವರು ತಾವೇ ಮುಂದುವರಿಸಿದರು. “ನಾ ಉಂಡೇ ಇರಂಗಿಲ್ಲಲ್ರಿ ಆಗ. ಒಂಬತ್ತಕ್ಕ ರೊಟ್ಟಿ.”

ಐದೂವರೆಗೆ ಇಂಜೆಕ್ಷನ್, ಒಂಬತ್ತಕ್ಕೆ ಊಟ. ಒಂದು ವರ್ಷ ನಾನು ‘ಊಟಕ್ಕೆ ಅರ್ಧ ಗಂಟೆ ಮೊದಲು’ ಎಂದು ಹೇಳುತ್ತ ಬಂದಿದ್ದೆ. ತುಂಬಿದ ಹೊಟ್ಟೆಯಲ್ಲಿ ಸೊಂಟ ಕಟ್ಟಿ ಭಾರ ಎತ್ತಿದರೆ ವಾಂತಿಯಾಗುತ್ತದೆಂದು ಟೋಳಿಯವರಾರೂ ಎರಡು ಲಾರಿ ಇಳಿಸುವವರೆಗೆ ಉಣ್ಣುವುದಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಗಂಟಿನಲ್ಲಿ ಔಷಧ ಸಿಕ್ಕಿಹಾಕಿಕೊಳ್ಳುತ್ತಿದ್ದದ್ದೇ ಅವರನ್ನು ಅಷ್ಟು ದಿನ ಬೀಳದಂತೆ ಕಾಯ್ದಿತ್ತು.

ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಒಂದೊಂದಾಗಿ ಕೇಳಿಕೊಂಡು ಬದಲಾವಣೆ ಹೇಳಿದರು: ಬೆಳಗಿನದು ಇಪ್ಪತ್ತೆರಡು, ಹೊಟ್ಟೆಗೆ ಮಾತ್ರ, ಗಂಟು ಬಿಟ್ಟು. ತೊಡೆ ಸಂಜೆಗೆ. ಕೆಲಸಕ್ಕೆ ಮೊದಲು ಒಂದು ರೊಟ್ಟಿ ತಿನ್ನಲೇಬೇಕು, ಎರಡು ಲಾರಿಗಳ ನಡುವೆ ಇನ್ನೊಂದು. ನಾನು ಬರೆದುಕೊಂಡು ಡಾಕ್ಟರಮ್ಮನಿಗೇ ಮತ್ತೆ ಓದಿ ಹೇಳಿದೆ. ಆಮೇಲೆ ಹಮಾಲರಿಂದ ಮತ್ತೆ ನನಗೆ ಹೇಳಿಸಿದೆ. ಟೇಪನ್ನು ಅಲ್ಲೇ, ಅವರ ಎದುರಿಗೇ ಸುತ್ತಿದೆ.

ಮೂರನೇ ಬೆಳಿಗ್ಗೆ ಅವರ ಹೆಂಡತಿ ತಟ್ಟೆ ಹಿಡಿದು ಗಂಡನ ಎದುರು ನಿಂತಿದ್ದರು. “ಸರ ನೋಡ್ಲಿ. ತಿಂದ ಮ್ಯಾಲೇ ಕಳಸ್ತೀನಿ.” ಅವರು ಜೋಳದ ರೊಟ್ಟಿಯನ್ನು ಕಷಾಯದಂತೆ ನುಂಗಿದರು. ಆ ದಿನ ನೂರ ಐವತ್ತೆರಡು, ನೂರ ಮೂವತ್ತು, ನೂರ ಹದಿನೆಂಟು. ನಾಲ್ಕನೇ ದಿನ ಹೆಚ್ಚು ಚೀಲ ಎಳೆದರು. ನೂರ ನಲವತ್ತೊಂದು, ನೂರ ಹನ್ನೆರಡು, ನೂರ ಇಪ್ಪತ್ತು. ವಾಂತಿ ಆಗಲಿಲ್ಲ.

ಅದರ ಮುಂದಿನ ಸೋಮವಾರ ಡಾಕ್ಟರಮ್ಮ ಕಾಗದ ಬರೆದರು. ಅದರಲ್ಲಿ ನಾಲ್ಕು ದಿನದ ಅಂಕಿಗಳಿದ್ದವು, ಅರವತ್ತೊಂದೂ ಇತ್ತು. ಕಡಿಮೆ ಮಾಡಬೇಕಾದ ಡೋಸನ್ನು ರೋಗಿಗೆ ನಮ್ಮ ಕಡೆಯಿಂದ ತಿಳಿಸಿರಲಿಲ್ಲ, ರೋಗಿಯ ತಪ್ಪಿಲ್ಲ, ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತ್ತು. ಟ್ರಸ್ಟಿನಿಂದ ನನಗೊಂದು ಮೆಮೊ ಬಂತು. ಅದು ನ್ಯಾಯವಾಗಿತ್ತು.

ಮರುದಿನ ಬೆಳಿಗ್ಗೆ ಕಾಗದ ಹಿಡಿದು ಮಾರ್ಕೆಟ್ಟಿಗೆ ಹೋದೆವು. ಲಾರಿಯ ಹಿಂಬಾಗಿಲು ತೆಗೆದು ಹಲಗೆ ಹಾಕುತ್ತಿದ್ದರು. ಮುಕಾದಮ್, “ಓದ್ರಿ, ಎಲ್ಲಾರೂ ಕೇಳ್ಲಿ” ಎಂದ. ಇಂಗ್ಲಿಷಿನದನ್ನು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ ಓದಿದೆ. ‘ನಮ್ಮ ಕಡೆಯಿಂದ’ ಎಂದು ಇದ್ದಲ್ಲಿ ‘ನನ್ನಿಂದ’ ಎಂದು ಹೇಳಿದೆ.

“ದವಾಖಾನಿಯವ್ರು ತಪ್ಪು ನಮ್ದು ಅಂತ ಬರದ ಕಾಗದ ನಾ ಇದ ಮೊದಲ ನೋಡಿದ್ದು,” ಎಂದ ಮುಕಾದಮ್. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. “ನನ್ನ ಕಡಿಂದ ತಕರಾರಿಲ್ಲ. ಆದ್ರ ಕೈ ಕೊಡೂದು ನಾ ಅಲ್ಲ. ಅದು ಅವ್ರಿಗೆ ಬಿಟ್ಟದ್ದು.”

 ಹಮಾಲರು ರುಮಾಲು ಬಿಗಿದುಕೊಂಡು ಹಲಗೆ ಹತ್ತಿ ಲಾರಿಯ ಅಂಚಿನಲ್ಲಿ ಬೆನ್ನು ತಿರುಗಿಸಿ ಬಾಗಿ ನಿಂತರು. ಮೇಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿದ ಬೆನ್ನು ಹಾಗೆಯೇ ಕಾಯುತ್ತಿತ್ತು. ಎಷ್ಟು ಹೊತ್ತೆಂದು ಹೇಳಲಾರೆ, ನನಗೆ ಬಹಳ ಎನಿಸಿತು.

ಪಾದಕ್ಕೆ ಪಟ್ಟಿ ಕಟ್ಟಿದ್ದ ಜೊತೆಗಾರ ಆಲೂಗಡ್ಡೆ ಚೀಲದಿಂದ ಇಳಿದ. ಕುಂಟುತ್ತ ಹಲಗೆ ಹತ್ತಿದ. ಮೇಲಿದ್ದ ಒಬ್ಬನನ್ನು ಪಕ್ಕಕ್ಕೆ ಸರಿಸಿ ಚೀಲದ ಕಿವಿ ಹಿಡಿದ.

“ಲೇ,” ಎಂದ, ಮುಖ ಗಂಟು ಹಾಕಿಕೊಂಡೇ. “ರೊಟ್ಟಿ ತಿಂದಿಯೇನ?”

“ತಿಂದೀನಿ.”

“ಖರೇ ಹೇಳ. ಇನ್ನೊಂದ ಪಾದ ಉಳದೈತಿ ನಂದು.”

“ಒಂದ ರೊಟ್ಟಿ. ಶೇಂಗಾ ಚಟ್ನಿ.”

“ಆತು. ತಗೋ,” ಎಂದು ಅವನು ಚೀಲವನ್ನು ಅವರ ಬೆನ್ನಿಗೆ ಕೊಟ್ಟ.